ಸೊಂಟದ ಎಂಆರ್‌ಐಗೆ ಅಮ್ಮನನ್ನು ಕರೆದೊಯ್ಯುವ ಮೊದಲು

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಹತ್ತಿರದವರು. ನನ್ನ ತಾಯಿಗೆ 62 ವರ್ಷ. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಅವರಿಗೆ ಸೊಂಟನೋವು ಶುರುವಾಯಿತು. ಈಗ ಎಡಗಾಲಿನ ಹಿಂಬದಿಯಿಂದ ಪಾದದವರೆಗೆ ಸೆಳೆತವಿದೆ. ಡಾಕ್ಟರು ಸೊಂಟದ ಎಂಆರ್‌ಐ ಬರೆದುಕೊಟ್ಟಿದ್ದಾರೆ, ಮೈಸೂರಿನಲ್ಲಿ ಮಾಡಿಸಬೇಕು. ಐದು ವರ್ಷದ ಹಿಂದೆ ಅವರ ಬಲ ಮೊಣಕಾಲಿಗೆ ಕೃತಕ ಕೀಲು ಹಾಕಿದ್ದಾರೆ. ಕಾಂತ ಅದನ್ನು ಎಳೆದುಬಿಡುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಲಿಫ್ಟ್ ಹತ್ತಲೂ ಒಪ್ಪದ ಅಮ್ಮ ಆ ಸುರಂಗದೊಳಗೆ ಮಲಗುತ್ತಾರೆಯೇ? ರೇಡಿಯೇಷನ್ ಎಷ್ಟು ತಗಲುತ್ತದೆ? ಇಂಜೆಕ್ಷನ್ ಕೊಡುತ್ತಾರೆಯೇ? ಹೋಗುವ ಮೊದಲು ಏನೇನು ತಯಾರಿ ಬೇಕು?

ಉತ್ತರ: ನಿಮ್ಮ ದೊಡ್ಡ ಹೆದರಿಕೆ ಮೊಣಕಾಲಿನದು, ಅದನ್ನೇ ಮೊದಲು ಬಗೆಹರಿಸೋಣ. ಕೃತಕ ಮೊಣಕಾಲನ್ನು ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮ್ ಮಿಶ್ರಲೋಹ, ಟೈಟಾನಿಯಂ ಮತ್ತು ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡಿರುತ್ತಾರೆ. ಇವು ಕಬ್ಬಿಣದ ಹಾಗೆ ಕಾಂತಕ್ಕೆ ಅಂಟುವುದಿಲ್ಲ. ಜೊತೆಗೆ ಕೀಲು ಮೂಳೆಗೆ ಭದ್ರವಾಗಿ ಕೂತಿರುತ್ತದೆ. ಕಿತ್ತು ಬರುವ ಮಾತೇ ಇಲ್ಲ. ಲೋಹ ತೊಂದರೆ ಕೊಡುವುದು ಚಿತ್ರಕ್ಕೆ: ಅದರ ಸುತ್ತಮುತ್ತ ಕಪ್ಪು ಕಲೆ ಬಿದ್ದು ಆ ಜಾಗ ಕಾಣದಂತಾಗುತ್ತದೆ. ತೆಗೆಯಬೇಕಾದದ್ದು ಸೊಂಟದ ಚಿತ್ರ, ಮೊಣಕಾಲು ಅಲ್ಲಿಂದ ದೂರ ಇದೆ, ಹಾಗಾಗಿ ಆ ತೊಂದರೆಯೂ ಇಲ್ಲ. ಆದರೂ ಕೀಲು ಹಾಕಿದ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯನ್ನು ಇವತ್ತೇ ಹುಡುಕಿ ತೆಗೆದಿಡಿ. ಅದರಲ್ಲಿ ಕೀಲಿನ ಕಂಪನಿ ಮತ್ತು ಮಾದರಿಯ ಸ್ಟಿಕ್ಕರ್ ಅಂಟಿಸಿದ್ದರೆ ಇನ್ನೂ ಒಳ್ಳೆಯದು.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಎಂಆರ್‌ಐ ದಿನಾಂಕಕ್ಕೆ ಕಾಯುತ್ತಿರುವಾಗ ನಿಮ್ಮ ತಾಯಿಯವರಿಗೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹತೋಟಿ ತಪ್ಪಿದರೆ, ಕುಳಿತುಕೊಳ್ಳುವ ಜಾಗದಲ್ಲಿ, ತೊಡೆಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದ ಜೋಮು ಬಂದರೆ, ಎರಡೂ ಕಾಲುಗಳ ಬಲ ಕುಂದುತ್ತ ಹೋದರೆ ಅಪಾಯಿಂಟ್‌ಮೆಂಟ್ ನೋಡಬೇಡಿ. ಅದೇ ಗಂಟೆಯಲ್ಲಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ತಡವಾದರೆ ಕಳೆದುಕೊಂಡ ಹತೋಟಿ ಮರಳಿ ಬರದೇ ಹೋಗಬಹುದು. ಇದಕ್ಕೆ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ದಿನಗಳ ಲೆಕ್ಕದಲ್ಲಿ ನಡೆಯುವ ಕೆಲಸವಲ್ಲ, ಗಂಟೆಗಳ ಲೆಕ್ಕದ್ದು.

ರೇಡಿಯೇಷನ್ ಬಗ್ಗೆ ಹೇಳುವುದಾದರೆ, ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್‌ನಲ್ಲಿರುವಂಥ ಕಿರಣ ಎಂಆರ್‌ಐಯಲ್ಲಿ ಇಲ್ಲವೇ ಇಲ್ಲ. ಇಲ್ಲಿ ಕೆಲಸ ಮಾಡುವುದು ಬಲವಾದ ಕಾಂತ ಮತ್ತು ರೇಡಿಯೊ ಅಲೆ. ನಮ್ಮ ಮೈಯ ಬಹುಪಾಲು ನೀರು. ನೀರಿನ ಪ್ರತಿ ಕಣದಲ್ಲೂ ಹೈಡ್ರೋಜನ್ ಇದೆ. ಕಾಂತದೊಳಗೆ ಹೋದಾಗ ಈ ಹೈಡ್ರೋಜನ್‌ನ ಒಂದು ಸಣ್ಣ ಪಾಲು ಒಂದೇ ದಿಕ್ಕಿಗೆ ವಾಲುತ್ತದೆ. ಆಗ ರೇಡಿಯೊ ಅಲೆ ಹಾಯಿಸಿ ಅದನ್ನು ಓರೆ ಮಾಡಿ ಬಿಟ್ಟರೆ, ಮರಳಿ ನೆಟ್ಟಗಾಗುವಾಗ ಅದೂ ಒಂದು ಸಣ್ಣ ಅಲೆಯನ್ನು ಹೊರಬಿಡುತ್ತದೆ. ಆ ಅಲೆಯನ್ನು ಹಿಡಿದು ಲೆಕ್ಕ ಹಾಕಿ ಚಿತ್ರ ಕಟ್ಟುತ್ತಾರೆ. ಹೆಚ್ಚಿನ ಕಡೆ ಇರುವುದು 1.5 ಟೆಸ್ಲಾ ಅಥವಾ 3 ಟೆಸ್ಲಾ ಯಂತ್ರ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿನಷ್ಟು. ಅದರ ರೇಡಿಯೊ ಅಲೆ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದ್ದು ಸುಮಾರು 128. ಮನೆಯ ರೇಡಿಯೊದಲ್ಲಿ ಕೇಳುವ ಎಫ್‌ಎಂ ಪಟ್ಟಿ, 88ರಿಂದ 108 ಮೆಗಾಹರ್ಟ್ಸ್, ಇವೆರಡರ ನಡುವೆ ಬರುತ್ತದೆ. ಸ್ಕ್ಯಾನ್ ಕೋಣೆಯ ಗೋಡೆ, ಬಾಗಿಲುಗಳಿಗೆಲ್ಲ ತಾಮ್ರದಂಥ ಲೋಹದ ಹೊದಿಕೆ ಕೊಟ್ಟಿರುವುದು ಹೊರಗಿನ ರೇಡಿಯೊ ಅಲೆಗಳು ಒಳನುಗ್ಗಿ ಚಿತ್ರ ಕೆಡಿಸದಿರಲಿ ಎಂದು. ಬಾಗಿಲು ಮುಚ್ಚುವುದಕ್ಕೂ ಅದೇ ಕಾರಣ. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ದಪ್ಪ ಬಾಗಿಲು ಮುಚ್ಚಿದಾಗ ಎದೆ ಹೊಡೆದುಕೊಳ್ಳುತ್ತದೆ. ಸೊಂಟಕ್ಕೆ 1.5 ಟೆಸ್ಲಾ ಧಾರಾಳ ಸಾಕು. ‘ಮೂರು ಟೆಸ್ಲಾದಲ್ಲೇ ಮಾಡಿಸಿ’ ಎಂದು ಹೇಳುವವರ ಮಾತು ಕೇಳಿ ಇನ್ನೊಂದು ಊರಿಗೆ ಅಲೆಯಬೇಕಿಲ್ಲ.

ಇನ್ನು ಯಾವುದರಲ್ಲೂ ರಿಯಾಯಿತಿ ಇಲ್ಲದ ವಿಷಯ: ಮೈಮೇಲಿನ, ಮೈಯೊಳಗಿನ ಲೋಹ. ಒಂದು ಸಂಗತಿಯನ್ನು ಮನೆಯವರೆಲ್ಲ ತಿಳಿದಿರಬೇಕು. ಸ್ಕ್ಯಾನ್ ನಡೆಯದಿದ್ದಾಗಲೂ ಆ ಕಾಂತ ಆನ್ ಇರುತ್ತದೆ. ಅದರ ಸುರುಳಿ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ರಾತ್ರಿ ದೀಪ ಆರಿಸಿ ಹೋದರೂ ಕಾಂತ ಆರುವುದಿಲ್ಲ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಕಾಲಿಟ್ಟರು. ಕಾಂತ ಸಿಲಿಂಡರನ್ನೂ ಅವರನ್ನೂ ಒಟ್ಟಿಗೇ ಎಳೆದುಕೊಂಡಿತು, ಅವರ ಪ್ರಾಣ ಹೋಯಿತು. ಅವರು ರೋಗಿಯಲ್ಲ, ಜೊತೆಗೆ ಬಂದವರು. ಆದ್ದರಿಂದ ಅಮ್ಮನ ಕೈ ಹಿಡಿದು ಒಳಗೆ ಹೋಗುವವರು ಯಾರೇ ಆಗಲಿ, ಅವರ ಜೇಬು, ಸೊಂಟ, ಕುತ್ತಿಗೆ ಎಲ್ಲವೂ ಖಾಲಿಯಾಗಿರಬೇಕು. ಮಾಮೂಲಿ ವೀಲ್‌ಚೇರ್, ಊರುಗೋಲು, ಸ್ಟ್ರೆಚರ್ ಯಾವುದನ್ನೂ ಟೆಕ್ನಿಷಿಯನ್ ಹೇಳದೆ ಒಳಗೆ ತಳ್ಳಬಾರದು.

ಅಲ್ಲಿ ಒಂದು ಫಾರಂ ಕೊಡುತ್ತಾರೆ, ಬಹಳ ಕಡೆ ಇಂಗ್ಲಿಷಿನಲ್ಲಿ. ಸುಮ್ಮನೆ ಎಲ್ಲದಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಬೇಡಿ. ಪ್ರತಿ ಸಾಲನ್ನೂ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿಸಿ. ಹೃದಯದ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗೆ ಕೂರಿಸಿದ ಕಾಕ್ಲಿಯರ್ ಯಂತ್ರ, ನರಕ್ಕೆ ಕರೆಂಟು ಕೊಡುವ ಸಾಧನ, ಇನ್ಸುಲಿನ್ ಪಂಪ್ ಇವುಗಳಲ್ಲಿ ಒಂದಿದ್ದರೂ ಸ್ಕ್ಯಾನ್ ಅಲ್ಲಿಗೇ ನಿಲ್ಲುತ್ತದೆ, ಕಾಗದಪತ್ರ ನೋಡಿದ ಮೇಲೆಯೇ ಮುಂದುವರಿಯುತ್ತದೆ. ಪೇಸ್‌ಮೇಕರ್ ಇದ್ದವರಿಗೆಲ್ಲ ಎಂಆರ್‌ಐ ಆಗುವುದೇ ಇಲ್ಲ ಎಂಬ ಕಾಲ ಈಗಿಲ್ಲ. ಎಂಆರ್‌ಐಗೆ ಒಗ್ಗುವ ಪೇಸ್‌ಮೇಕರ್‌ಗಳು ಬಂದಿವೆ. ಆದರೆ ಹೃದಯತಜ್ಞರು ಸ್ಕ್ಯಾನಿಗೆ ಮೊದಲು ಅದರ ಸೆಟ್ಟಿಂಗ್ ಬದಲಿಸಿ, ಆಮೇಲೆ ಮೊದಲಿನಂತೆ ಮಾಡಬೇಕಾಗುತ್ತದೆ. ಹೃದಯದ ಸ್ಟೆಂಟ್, ಹಲ್ಲಿನ ಫಿಲ್ಲಿಂಗ್, ಗರ್ಭಾಶಯದ ಕಾಪರ್-ಟಿ ಇವು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ, ಹೇಳುವುದನ್ನು ಮಾತ್ರ ಬಿಡಬಾರದು. ರಕ್ತ ಹೆಚ್ಚಲು ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ, ಪರವಾಗಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಏನೂ ತೊಂದರೆಯಿಲ್ಲ.

ಕೊಡಗಿನವರು ಕೇಳದಿದ್ದರೂ ತಾವಾಗಿ ಹೇಳಲೇಬೇಕಾದ ಎರಡು ವಿಷಯಗಳಿವೆ. ಒಂದು, ಕೋವಿಯ ಚರೆ. ಎಂದೋ ಆಕಸ್ಮಿಕವಾಗಿ ಹಾರಿದ ಈಡಿನ ಚರೆ ತೊಡೆಯಲ್ಲೋ ಬೆನ್ನಲ್ಲೋ ಉಳಿದುಕೊಂಡು, ನೋವಿಲ್ಲದ್ದರಿಂದ ಮರೆತೇಹೋದವರು ಇರುತ್ತಾರೆ. ಸೀಸದ ಚರೆಯನ್ನು ಕಾಂತ ಎಳೆಯುವುದಿಲ್ಲ, ಉಕ್ಕಿನದನ್ನು ಎಳೆಯುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಬೆಳ್ಳಗೆ ಒಂದೇ ಥರ ಕಾಣುತ್ತವೆ. ಮಾಂಸದೊಳಗೆ ಹತ್ತಾರು ವರ್ಷ ಕೂತ ಚರೆಯ ಸುತ್ತ ಗಟ್ಟಿ ಪೊರೆ ಬೆಳೆದು ಅದನ್ನು ಹಿಡಿದಿರುತ್ತದೆ, ಆದ್ದರಿಂದ ರೇಡಿಯಾಲಜಿಸ್ಟ್ ಮುಖ್ಯವಾಗಿ ನೋಡುವುದು ಅದು ಎಲ್ಲಿದೆ ಎಂಬುದನ್ನು: ಕಣ್ಣಿನ ಹತ್ತಿರವೇ, ಬೆನ್ನುಹುರಿಯ ಪಕ್ಕವೇ, ದೊಡ್ಡ ರಕ್ತನಾಳಕ್ಕೆ ತಾಗಿದೆಯೇ? ಪೊಲೀಸು ಕೇಸಿನ ಅಂಜಿಕೆಯಿಂದ ಇದನ್ನು ಮುಚ್ಚಿಡುವವರಿದ್ದಾರೆ. ದಯವಿಟ್ಟು ಮುಚ್ಚಿಡಬೇಡಿ. ಅಲ್ಲಿ ಕೇಳುವುದು ಸುರಕ್ಷತೆಗಾಗಿ ಮಾತ್ರ.

ಎರಡನೆಯದು ಕಣ್ಣು. ಗ್ರೈಂಡರ್‌ನಲ್ಲಿ ಕತ್ತಿ ಮಸೆಯುವಾಗ, ವೆಲ್ಡಿಂಗ್ ಮಾಡುವಾಗ, ತೋಟದಲ್ಲಿ ಕಳೆ ಹೊಡೆಯುವ ಯಂತ್ರದ ಅಲಗು ಕಲ್ಲಿಗೆ ತಾಗಿದಾಗ ಚಿಮ್ಮುವ ಉಕ್ಕಿನ ಚೂರು ಕಣ್ಣೊಳಗೆ ಹೊಕ್ಕು, ಎರಡು ದಿನ ನೀರು ಸೋರಿ, ಆಮೇಲೆ ಸುಮ್ಮನಾಗಿಬಿಡಬಹುದು. ಮಾಂಸದಲ್ಲಿ ಆಗುವ ಹಾಗೆ ಕಣ್ಣಿನೊಳಗೆ ಅದನ್ನು ಹಿಡಿದಿಡುವ ಗಟ್ಟಿ ಪೊರೆ ಇರುವುದಿಲ್ಲ. ಕಾಂತದ ಬಳಿ ಹೋದಾಗ ಚೂರು ಸರಿದು ಒಳಗೆ ರಕ್ತಸ್ರಾವವಾದರೆ ದೃಷ್ಟಿಯೇ ಹೋಗಬಹುದು. ಅಂಥ ಅನುಮಾನ ಇದ್ದವರಿಗೆ ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯುತ್ತಾರೆ. ಐದು ನಿಮಿಷದ ಕೆಲಸ. ನಿಮ್ಮ ತಾಯಿಯವರಿಗೆ ಇದು ಅನ್ವಯಿಸದಿರಬಹುದು. ಮನೆಯಲ್ಲಿ ಮುಂದೆ ಯಾರಿಗಾದರೂ ಎಂಆರ್‌ಐ ಬರೆದರೆ ನೆನಪಿರಲಿ.

ಮೈಮೇಲಿನದಕ್ಕೆ ಬರೋಣ. ಕೊಡವ ರೀತಿಯಲ್ಲಿ ಸೀರೆ ಉಡುವವರಾದರೆ ಭುಜದ ಪಿನ್ನು, ನೆರಿಗೆಯ ಪಿನ್ನು, ತಲೆಯ ಕ್ಲಿಪ್ಪು, ಬ್ಲೌಸಿನ ಹುಕ್ಕು. ಜರಿ ಸೀರೆಯ ಜರಿಯಲ್ಲೂ ಲೋಹದ ಎಳೆ ಇರಬಹುದು. ಆ ದಿನ ಸಾದಾ ಹತ್ತಿ ಬಟ್ಟೆಯಲ್ಲೇ ಬರಲಿ, ಅಲ್ಲಿ ಕೊಡುವ ಗೌನ್‌ಗೆ ಬದಲಾಯಿಸಿಕೊಳ್ಳುವುದು ಸುಲಭವಾಗುತ್ತದೆ. ಕೊಡವರ ಪದಕದ ಸರವಾದ ಪತ್ತಾಕ್ ಆಗಲಿ ತಾಳಿ ಸರವಾಗಲಿ ತೆಗೆಯಲೇಬೇಕಾಗುತ್ತದೆ. ಚಿನ್ನವನ್ನು ಕಾಂತ ಎಳೆಯುವುದಿಲ್ಲ, ನಿಜ. ಆದರೆ ರೇಡಿಯೊ ಅಲೆಗೆ ಚಿನ್ನವೂ ಬಿಸಿಯಾಗುತ್ತದೆ, ಸರದ ಕೊಂಡಿಯೊಳಗಿನ ಸಣ್ಣ ಸ್ಪ್ರಿಂಗ್ ಉಕ್ಕಿನದಾಗಿರಬಹುದು. ತಾಳಿ ತೆಗೆಯಲು ಮನಸ್ಸು ಒಪ್ಪದ ಹಿರಿಯರಿಗೆ ಮನೆಯಲ್ಲೇ ಅರಿಶಿನ ಹಚ್ಚಿದ ದಾರವನ್ನು ಕಟ್ಟಿ ಕರೆತನ್ನಿ. ಬರೀ ಹತ್ತಿ ದಾರಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಬೆರಳಿಗೆ ಬಿಗಿದ ಉಂಗುರವನ್ನು ಹಿಂದಿನ ಸಂಜೆಯೇ ತೆಗೆಯಲು ನೋಡಿ. ಕೈಯನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದು, ತಣ್ಣೀರಲ್ಲಿ ಅದ್ದಿ, ಕೊಬ್ಬರಿ ಎಣ್ಣೆ ಸವರಿ ತಿರುಗಿಸುತ್ತ ಎಳೆದರೆ ಹೆಚ್ಚಿನವು ಬರುತ್ತವೆ. ಕಾಲುಂಗುರವೂ ಅಷ್ಟೆ. ಬಾರದೇ ಹೋದರೆ ಟೆಕ್ನಿಷಿಯನ್‌ಗೆ ತೋರಿಸಿ, ಅವರು ನೋಡಿ ತೀರ್ಮಾನಿಸುತ್ತಾರೆ. ತಾಯತ, ಬೆಳ್ಳಿಯ ಉಡಿದಾರ, ಕಟ್ಟುಹಲ್ಲು, ಶ್ರವಣಯಂತ್ರ, ಕೈಗಡಿಯಾರ, ಮೊಬೈಲು, ಬೀಗದ ಕೈ, ಬ್ಯಾಂಕಿನ ಕಾರ್ಡು ಎಲ್ಲವೂ ಹೊರಗೆ. ಕಾರ್ಡು ಮತ್ತು ಶ್ರವಣಯಂತ್ರ ಒಳಗೆ ಹೋದರೆ ಕೆಟ್ಟೇಹೋಗಬಹುದು.

ಸೊಂಟನೋವಿನವರ ವಿಷಯದಲ್ಲಿ ತಪ್ಪಿಹೋಗುವುದು ಬೇರೆಯೇ ಇದೆ: ನೋವಿಗೆ ಅಂಟಿಸಿದ ಪಟ್ಟಿ. ಔಷಧಿಯ ಕೆಲವು ಪಟ್ಟಿಗಳ ಹಿಂಬದಿಯಲ್ಲಿ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ ಇರುತ್ತದೆ, ಅದು ಕಾದು ಚರ್ಮ ಸುಡುತ್ತದೆ. ಕವರ್ ಹರಿದ ಕೂಡಲೇ ತಾನಾಗಿ ಬಿಸಿಯಾಗುವ ಶಾಖದ ಪಟ್ಟಿಯೊಳಗೆ ಇರುವುದು ಕಬ್ಬಿಣದ ಪುಡಿ. ಇಂಥವು ಬೆನ್ನಿನಲ್ಲಿ, ಬಟ್ಟೆಯ ಅಡಿಯಲ್ಲಿ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಡುವ ಮೊದಲು ಅಮ್ಮನ ಬೆನ್ನನ್ನು ನೀವೇ ಒಮ್ಮೆ ನೋಡಿ, ಇದ್ದರೆ ಕಿತ್ತು ತೊಳೆದುಬಿಡಿ. ಸೊಂಟದ ಬೆಲ್ಟ್ ಕಟ್ಟಿಕೊಂಡಿದ್ದರೆ ಅದರೊಳಗಿನ ಪಟ್ಟಿಯೂ ಲೋಹದ್ದೇ ಆಗಿರಬಹುದು. ಪ್ರಯಾಣಕ್ಕೆ ಇರಲಿ, ಅಲ್ಲಿ ಬಿಚ್ಚಿಡಿ.

ಊಟದ ವಿಷಯ. ಇಂಜೆಕ್ಷನ್ ಇಲ್ಲದ ಸಾದಾ ಸೊಂಟದ ಎಂಆರ್‌ಐಗೆ ಉಪವಾಸ ಬೇಕಿಲ್ಲ. ಮೂರು ಗಂಟೆಗೂ ಮೇಲ್ಪಟ್ಟ ದಾರಿ, ವಯಸ್ಸಾದವರು, ಬರೀ ಹೊಟ್ಟೆಯಲ್ಲಿ ಕರೆತರಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎಂದಿನಂತೆ ಕೊಡಿ. ಪಿತ್ತಕೋಶ, ಯಕೃತ್ತಿನ ಎಂಆರ್‌ಐಗೆ ಮಾತ್ರ ನಾಲ್ಕರಿಂದ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಅರಿವಳಿಕೆ ಕೊಟ್ಟು ಮಾಡುವುದಾದರೆ ಆರು ಗಂಟೆ. ದಿನಾಂಕ ಕೊಡುವಾಗಲೇ ಫೋನಿನಲ್ಲಿ ಇದನ್ನು ಕೇಳಿಟ್ಟುಕೊಳ್ಳಿ. ದಾರಿಯಲ್ಲಿ ಗೋಣಿಕೊಪ್ಪ, ಹುಣಸೂರಿನಲ್ಲಿ ಇಳಿದು ಐದೈದು ನಿಮಿಷ ಓಡಾಡಿಸಿ. ಒಂದೇ ಸಮನೆ ಕೂತು ಬಂದ ಸೊಂಟ ಯಂತ್ರದ ಹಲಗೆಯ ಮೇಲೆ ಮಲಗಲು ಒಪ್ಪುವುದಿಲ್ಲ. ಮಳೆಗಾಲವಾದರೆ ಒಂದು ಜೊತೆ ಒಣಬಟ್ಟೆ ಜೊತೆಗಿರಲಿ. ಒದ್ದೆ ಬಟ್ಟೆಯಲ್ಲಿ ಸ್ಕ್ಯಾನ್ ಮಾಡಬಾರದು, ಚರ್ಮ ಸುಡುವ ಸಾಧ್ಯತೆ ಹೆಚ್ಚುತ್ತದೆ.

ಸುರಂಗದ ಹೆದರಿಕೆಯನ್ನೇ ಎಲ್ಲರೂ ಯೋಚಿಸುತ್ತಾರೆ. ಆದರೆ ಸೊಂಟನೋವಿನವರ ಸ್ಕ್ಯಾನ್ ಅರ್ಧಕ್ಕೆ ನಿಲ್ಲಲು ಅಷ್ಟೇ ದೊಡ್ಡ ಕಾರಣ ಅಂಗಾತ ಮಲಗಲಾಗದ ನೋವು. ಇಪ್ಪತ್ತರಿಂದ ಮೂವತ್ತು ನಿಮಿಷ ಮಗ್ಗುಲು ಬದಲಿಸದೆ ಮಲಗಬೇಕು. ಬರೆದುಕೊಟ್ಟ ಡಾಕ್ಟರನ್ನು ಕೇಳಿ, ನೋವಿನ ಮಾತ್ರೆಯನ್ನು ಸ್ಕ್ಯಾನಿಗೆ ಸುಮಾರು ಒಂದು ಗಂಟೆ ಮೊದಲು ಕೊಡಬಹುದೇ ಎಂದು ತಿಳಿದುಕೊಳ್ಳಿ. ಮನೆಯಲ್ಲಿ ಎರಡು ದಿನ ಅಭ್ಯಾಸ ಮಾಡಿಸಿ. ಮಂಚದ ಮೇಲೆ ಅಂಗಾತ ಮಲಗಿ, ಮೊಣಕಾಲಿನ ಅಡಿಗೆ ಎರಡು ದಿಂಬು, ತಲೆಗೆ ತೆಳು ದಿಂಬು, ಕೈಗಳು ಪಕ್ಕಕ್ಕೆ, ಕಣ್ಣಿನ ಮೇಲೆ ಮಡಿಸಿದ ಟವೆಲ್. ಗಡಿಯಾರ ನೋಡಿ ಇಪ್ಪತ್ತು ನಿಮಿಷ. ಮೊಬೈಲಿನಲ್ಲಿ ಎಂಆರ್‌ಐ ಸದ್ದನ್ನು ಹುಡುಕಿ ಪಕ್ಕದಲ್ಲಿ ಹಾಕಿ ಕೇಳಿಸಿ. ಸದ್ದು ಮೊದಲೇ ಪರಿಚಯವಾಗಿದ್ದರೆ ಅಲ್ಲಿ ಬೆಚ್ಚಿಬೀಳುವುದು ತಪ್ಪುತ್ತದೆ. ಎಷ್ಟು ಹೊತ್ತಿಗೆ, ಎಲ್ಲಿ ನೋವು ಶುರುವಾಯಿತೆಂದು ಗಮನಿಸಿ ಟೆಕ್ನಿಷಿಯನ್‌ಗೆ ಹೇಳಿದರೆ ಅವರು ದಿಂಬು ಇಡುವುದನ್ನು ಅದಕ್ಕೆ ತಕ್ಕಂತೆ ಮಾಡುತ್ತಾರೆ.

ಆ ದಿನ ಅರ್ಧ ಗಂಟೆ ಮುಂಚೆ ತಲುಪಿ. ಡಾಕ್ಟರ ಚೀಟಿ, ಹಳೆಯ ಎಕ್ಸ್‌ರೇ, ಹಳೆಯ ಸ್ಕ್ಯಾನ್ ಇದ್ದರೆ ಫಿಲ್ಮು, ಮೊಣಕಾಲಿನ ಕಾಗದ ಕೈಯಲ್ಲಿರಲಿ. ತೂಕ ಕೇಳುತ್ತಾರೆ, ಅಂದಾಜು ಹೇಳದೆ ಸರಿಯಾಗಿ ಹೇಳಿ. ಎಷ್ಟು ರೇಡಿಯೊ ಶಕ್ತಿ ಹಾಯಿಸಬಹುದೆಂದು ಯಂತ್ರ ಲೆಕ್ಕ ಹಾಕುವುದು ಆ ತೂಕದ ಮೇಲೆ. ಮೂತ್ರಕ್ಕೆ ಹೋಗಿ ಬಂದು, ಗೌನ್ ಹಾಕಿಕೊಂಡು ಒಳಗೆ ಹೋದರೆ ಮೊದಲು ಕಿವಿಗೆ ಬೀಳುವುದು ಹಕ್ಕಿ ಚಿಲಿಪಿಲಿಗುಟ್ಟಿದಂಥ ‘ಚುಪ್… ಚುಪ್…’ ಸದ್ದು. ಅದು ಹೀಲಿಯಂ ತಣ್ಣಗಿಡುವ ಪಂಪು, ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಯಂತ್ರ ತಂಪಾಗಿರಲೆಂದು ಕೋಣೆಯನ್ನೂ ತಣ್ಣಗೆ ಇಟ್ಟಿರುತ್ತಾರೆ. ಹೊದೆಯಲು ಕೇಳಿದರೆ ಕೊಡುತ್ತಾರೆ.

ಹಲಗೆಯಲ್ಲೇ ಬೆನ್ನಿನ ಅಡಿಗೆ ಬರುವ ಹಾಗೆ ‘ಕಾಯಿಲ್’ ಅಡಗಿರುತ್ತದೆ. ಮೈಯಿಂದ ಬರುವ ಸಣ್ಣ ಅಲೆಯನ್ನು ಹಿಡಿಯುವ ಆಂಟೆನಾ ಅದು. ಮೊಣಕಾಲಿನ ಅಡಿಗೆ ತ್ರಿಕೋನದ ಮೆತ್ತೆ ಇಟ್ಟರೆ ಸೊಂಟದ ಬಾಗು ಹಲಗೆಗೆ ತಾಗಿ ಆರಾಮವಾಗುತ್ತದೆ. ಕಿವಿಗೆ ಸದ್ದು ತಡೆಯುವ ಬೆಂಡು, ಅದರ ಮೇಲೆ ಹೆಡ್‌ಫೋನ್. ಎರಡನ್ನೂ ಕೇಳಿ ಹಾಕಿಸಿಕೊಳ್ಳಿ, ಬೆಂಡು ಸಡಿಲವಾಗಿದ್ದರೆ ಮತ್ತೆ ಹಾಕಿಸಿ. ಸದ್ದು 100 ಡೆಸಿಬೆಲ್ ದಾಟುತ್ತದೆ. ಕೈಗೆ ಒಂದು ರಬ್ಬರಿನ ಬುರುಡೆ ಕೊಡುತ್ತಾರೆ. ಒತ್ತಿದರೆ ಹೊರಗೆ ಗಂಟೆ ಬಾರಿಸುತ್ತದೆ, ಟೆಕ್ನಿಷಿಯನ್ ಮೈಕಿನಲ್ಲಿ ಮಾತಾಡುತ್ತಾರೆ, ಬೇಕಾದರೆ ಹಲಗೆಯನ್ನು ಹೊರಗೆ ತರುತ್ತಾರೆ. ಒಳಗೆ ಹೋಗುವ ಮೊದಲೇ ಅಮ್ಮ ಅದನ್ನು ಒಮ್ಮೆ ಒತ್ತಿ ನೋಡಲಿ. ಅದು ಕೆಲಸ ಮಾಡುತ್ತದೆ ಎಂದು ತನ್ನ ಕೈಯಿಂದಲೇ ತಿಳಿದ ಮೇಲೆ ಬರುವ ಧೈರ್ಯ, ನಾವು ಹತ್ತು ಸಲ ಹೇಳಿದರೂ ಬರುವುದಿಲ್ಲ.

ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಹೆಣೆದುಕೊಳ್ಳುವುದು, ಪಾದದ ಮೇಲೆ ಪಾದ ಹಾಕುವುದು ಬೇಡ. ಚರ್ಮಕ್ಕೆ ಚರ್ಮ ತಾಗಿ ಮೈಯೇ ಒಂದು ಬಳೆಯಂತಾದರೆ ಅದರಲ್ಲಿ ರೇಡಿಯೊ ಅಲೆಯಿಂದ ಕರೆಂಟು ಹರಿದು, ತಾಗಿದ ಜಾಗ ಸುಡುತ್ತದೆ. ತೊಡೆಗಳ ನಡುವೆ ಬಟ್ಟೆ ಇಡುವುದು ಅದಕ್ಕೇ. ಮೈಯೆಲ್ಲ ಸ್ವಲ್ಪ ಬೆಚ್ಚಗಾದಂತೆ ಅನಿಸುವುದು ಸಹಜ. ಒಂದೇ ಜಾಗ ಚುರುಗುಟ್ಟುವುದು ಸಹಜವಲ್ಲ, ಆ ಕೂಡಲೇ ಬುರುಡೆ ಒತ್ತಬೇಕು. ‘ಪಾಪ, ಅವರಿಗೆ ಯಾಕೆ ತೊಂದರೆ’ ಎಂದು ಸಹಿಸಿಕೊಂಡು ಮಲಗುವ ಸ್ವಭಾವ ನಮ್ಮ ತಾಯಂದಿರದು. ಇಲ್ಲಿ ಅದು ಬೇಡವೆಂದು ಗಟ್ಟಿಯಾಗಿ ಹೇಳಿ ಕಳಿಸಿ.

ಸುರಂಗದ ಬಾಯಿ 60 ಅಥವಾ 70 ಸೆಂಟಿಮೀಟರ್ ಅಗಲ, ಉದ್ದ ಸುಮಾರು ಒಂದೂವರೆ ಮೀಟರ್‌ನ ಮೇಲೆ. ಎರಡೂ ಕಡೆ ತೆರೆದೇ ಇರುತ್ತದೆ, ಒಳಗೆ ಬೆಳಕು, ಗಾಳಿ ಇರುತ್ತದೆ. ಸೊಂಟ ಸುರಂಗದ ನಟ್ಟನಡುವೆ ಬರಬೇಕು. ಕಾಲು ಮೊದಲಾಗಿ ಒಳಗೆ ಕಳಿಸಿದರೆ ತಲೆ ಸುರಂಗದ ಬಾಯಿಯ ಹತ್ತಿರವೇ ಉಳಿಯುತ್ತದೆ. ಹೆದರುವವರಿಗೆ ಹೀಗೆ ಮಾಡಲು ಆಗುತ್ತದೆಯೇ ಎಂದು ಕೇಳಿ, ಸೊಂಟದ ಸ್ಕ್ಯಾನಿಗೆ ಸಾಮಾನ್ಯವಾಗಿ ಸಾಧ್ಯವಿರುತ್ತದೆ. ಕಣ್ಣನ್ನು ಒಳಗೆ ಹೋದ ಮೇಲೆ ಮುಚ್ಚುವುದಲ್ಲ, ಹಲಗೆ ಸರಿಯುವ ಮೊದಲೇ ಮುಚ್ಚಿ, ಮೇಲೆ ಬಟ್ಟೆ ಹಾಕಿಸಿಕೊಂಡು, ಹೊರಗೆ ಬರುವವರೆಗೆ ತೆರೆಯಬಾರದು. ಮೇಲಿನ ಗೋಡೆ ಮುಖಕ್ಕೆ ಎಷ್ಟು ಹತ್ತಿರ ಇದೆಯೆಂದು ಒಮ್ಮೆ ನೋಡಿಬಿಟ್ಟರೆ ಮನಸ್ಸು ಅದನ್ನೇ ಹಿಡಿದುಕೊಳ್ಳುತ್ತದೆ. ಹೆಚ್ಚಿನ ಕಡೆ ಒಬ್ಬರನ್ನು ಒಳಗೆ ನಿಲ್ಲಲು ಬಿಡುತ್ತಾರೆ. ನೀವು ಅಮ್ಮನ ಕೈಗೆಟುಕುವಂತೆ ನಿಂತರೆ ಅರ್ಧ ಹೆದರಿಕೆ ಕಳೆಯುತ್ತದೆ, ಆದರೆ ನಿಮಗೂ ಅದೇ ಫಾರಂ, ಅದೇ ತಪಾಸಣೆ, ಕಿವಿಗೆ ಅದೇ ಬೆಂಡು. ಇಷ್ಟಾದರೂ ಆಗದೆಂದು ಅಭ್ಯಾಸದಲ್ಲೇ ಗೊತ್ತಾದರೆ, ಹೆದರಿಕೆ ತಗ್ಗಿಸುವ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ, ವಯಸ್ಸಾದವರಲ್ಲಿ ಅದು ಉಸಿರಾಟವನ್ನೂ ನಡಿಗೆಯನ್ನೂ ಕೆಡಿಸಬಹುದು.

ಸ್ಕ್ಯಾನ್ ಎಂದರೆ ಒಂದೇ ಉದ್ದದ ಕೆಲಸವಲ್ಲ. ಎರಡರಿಂದ ಐದು ನಿಮಿಷದ ನಾಲ್ಕೈದು ಸುತ್ತುಗಳು. ಪ್ರತಿ ಸುತ್ತಿಗೂ ಸದ್ದು ಬೇರೆ: ಒಂದು ಬಾಗಿಲು ಬಡಿದಂತೆ, ಇನ್ನೊಂದು ಕಾಫಿ ಪಲ್ಪರ್ ಓಡಿದಂತೆ, ಮತ್ತೊಂದು ಉದ್ದಕ್ಕೆ ‘ಕರ್ರ್’ ಎಂದು. ಒಳಗಿನ ಸುರುಳಿಗಳಲ್ಲಿ ಕರೆಂಟು ಕ್ಷಣಕ್ಷಣಕ್ಕೆ ಹೊರಳಿದಾಗ ಅವು ಕಾಂತದ ಬಲಕ್ಕೆ ಅದುರುತ್ತವೆ, ಆ ಅದುರುವಿಕೆಯೇ ಸದ್ದು. ಮೈಯಲ್ಲಿ ಅಲ್ಲಲ್ಲಿ ಸ್ನಾಯು ಮಿಡಿದಂತಾದರೂ ಅದೇ ಕಾರಣ, ಗಾಬರಿ ಬೇಡ. ಸುತ್ತುಗಳ ನಡುವೆ ಸದ್ದು ನಿಂತಾಗ ಕೆಮ್ಮಬಹುದು, ಎಂಜಲು ನುಂಗಬಹುದು, ಸೊಂಟ ಮಾತ್ರ ಸರಿಸಬಾರದು. ಮೊದಲ ಸುತ್ತಿನಲ್ಲಿ ಗುರುತು ಮಾಡಿಕೊಂಡ ಜಾಗದ ಮೇಲೆಯೇ ಮುಂದಿನ ಹೋಳುಗಳನ್ನೆಲ್ಲ, ಅಂದರೆ ಮೈಯನ್ನು ತೆಳ್ಳಗೆ ಕೊಯ್ದಂತೆ ತೆಗೆಯುವ ಚಿತ್ರಗಳನ್ನೆಲ್ಲ, ಕೂರಿಸಿರುತ್ತಾರೆ.

ಅಲುಗಾಡಬಾರದು ಎಂದು ಎಲ್ಲರೂ ಹೇಳುತ್ತಾರೆ, ಯಾಕೆಂದು ಹೇಳುವುದಿಲ್ಲ. ಕ್ಯಾಮೆರಾದ ಎದುರು ನಿಂತವರ ಕೈ ಅಲುಗಿದರೆ ಫೋಟೊದಲ್ಲಿ ಆ ಕೈ ಮಾತ್ರ ಮಸುಕಾಗುತ್ತದೆ. ಎಂಆರ್‌ಐಯಲ್ಲಿ ಹಾಗಲ್ಲ. ಯಂತ್ರ ಪ್ರತಿ ಸಲ ಹಿಡಿಯುವ ಸಂಕೇತದಲ್ಲಿ ಆ ಇಡೀ ಹೋಳಿನ ಮಾಹಿತಿ ಬೆರೆತಿರುತ್ತದೆ. ನೂರಾರು ಸಂಕೇತಗಳನ್ನು ಕೂಡಿಹಾಕಿ ಕೊನೆಗೆ ಒಂದು ಚಿತ್ರ ಕಟ್ಟುತ್ತಾರೆ. ನಾಲ್ಕು ನಿಮಿಷದ ಸುತ್ತಿನಲ್ಲಿ ಮೂರನೇ ನಿಮಿಷಕ್ಕೆ ಒಮ್ಮೆ ಸೊಂಟ ಎತ್ತಿದರೆ ಹಿಂದಿನ ಮೂರು ನಿಮಿಷದ ಕೆಲಸವೂ ಹಾಳು, ಇಡೀ ಚಿತ್ರದ ಮೇಲೆ ನೆರಳಿನಂಥ ಗೆರೆಗಳು ಬೀಳುತ್ತವೆ. ಆ ಸುತ್ತನ್ನು ಮೊದಲಿನಿಂದ ಮಾಡಬೇಕು. ಅಮ್ಮನಿಗೆ ಇದನ್ನು ವಿವರಿಸಿ ಹೇಳಿ. ಕಾರಣ ತಿಳಿದವರು ಗದರಿಸಿಕೊಂಡವರಿಗಿಂತ ಚೆನ್ನಾಗಿ ಮಲಗುತ್ತಾರೆ. ಜೋರು ಕೆಮ್ಮು ಹಿಡಿದಿದ್ದರೆ ಫೋನು ಮಾಡಿ ದಿನಾಂಕ ಮುಂದೂಡಿಕೊಳ್ಳುವುದೇ ಮೇಲು.

ಇಂಜೆಕ್ಷನ್ ಎಲ್ಲರಿಗೂ ಇಲ್ಲ. ಬೆನ್ನಿನ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಸರಿದು ನರ ಒತ್ತಿದೆಯೇ ಎಂದು ನೋಡಲು ಸಾದಾ ಸ್ಕ್ಯಾನ್ ಸಾಕು. ಮೊದಲು ಬೆನ್ನಿಗೆ ಆಪರೇಷನ್ ಆಗಿದ್ದರೆ, ಜ್ವರ ಅಥವಾ ತೂಕ ಇಳಿತದ ಜೊತೆ ಬೆನ್ನುನೋವಿದ್ದು ಕ್ಷಯ, ಸೋಂಕು, ಗಡ್ಡೆಯ ಅನುಮಾನ ಇದ್ದರೆ ಗ್ಯಾಡೊಲಿನಿಯಂ ಎಂಬ ಔಷಧಿ ಕೊಡುತ್ತಾರೆ. ಸಾಮಾನ್ಯ ಪ್ರಮಾಣ ತೂಕದ ಪ್ರತಿ ಕಿಲೋಗೆ 0.1 ಮಿಲಿಮೋಲ್; ಬಹಳಷ್ಟು ಔಷಧಿಗಳಲ್ಲಿ 60 ಕಿಲೋ ತೂಕದವರಿಗೆ ಇದು 12 ಮಿಲಿಲೀಟರ್ ಆಗುತ್ತದೆ. ಕೈಯ ರಕ್ತನಾಳದಲ್ಲಿ ತಣ್ಣಗೆ ಹರಿದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ ಅನಿಸಬಹುದು. ಅಲರ್ಜಿ ಅಪರೂಪ, ಆದರೆ ತುರಿಕೆ, ಗಂಟಲು ಬಿಗಿತ ಬಂದರೆ ಕೂಡಲೇ ಹೇಳಬೇಕು. ಮೂತ್ರಪಿಂಡ ತೀರಾ ದುರ್ಬಲವಾದವರಲ್ಲಿ ಕೆಲವು ಹಳೆಯ ಬಗೆಯ ಗ್ಯಾಡೊಲಿನಿಯಂ ಔಷಧಿಗಳು ಚರ್ಮ ಗಟ್ಟಿಯಾಗುವ ಕೆಟ್ಟ ಕಾಯಿಲೆ ತಂದಿವೆ. ಆದ್ದರಿಂದ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಕ್ರಿಯಾಟಿನಿನ್ ಪರೀಕ್ಷೆಯ ವರದಿ ಕೇಳುತ್ತಾರೆ. ಚೀಟಿಯಲ್ಲಿ ‘ಕಾಂಟ್ರಾಸ್ಟ್’ (ಅಂದರೆ ಈ ಇಂಜೆಕ್ಷನ್) ಎಂದು ಬರೆದಿದ್ದರೆ ಆ ರಕ್ತಪರೀಕ್ಷೆಯನ್ನು ಊರಲ್ಲೇ ಮಾಡಿಸಿ ತನ್ನಿ. ಇಲ್ಲವಾದರೆ ಮೈಸೂರಿನಲ್ಲಿ ಅರ್ಧ ದಿನ ಕಾಯಬೇಕಾಗುತ್ತದೆ.

ಮುಗಿದ ಮೇಲೆ ಅಮ್ಮನನ್ನು ಒಮ್ಮೆಲೇ ಎಬ್ಬಿಸಬೇಡಿ. ಮಗ್ಗುಲಾಗಿಸಿ, ಕಾಲು ಇಳಿಬಿಡಿಸಿ, ಎರಡು ನಿಮಿಷ ಕೂರಿಸಿ. ಹೆದರಿಕೆ ತಗ್ಗಿಸುವ ಮಾತ್ರೆ ಕೊಡದಿದ್ದರೆ ಬೇರೆ ಯಾವ ನಿಯಮವೂ ಇಲ್ಲ, ಅದೇ ದಿನ ಊರಿಗೆ ಮರಳಬಹುದು.

ವರದಿ ಕೈಗೆ ಬಂದಾಗ ಓದಿ ಹೆದರುವವರೇ ಹೆಚ್ಚು. ಬೆನ್ನನ್ನು ಉದ್ದಕ್ಕೆ ಸೀಳಿದಂತೆ, ಸುಮಾರು 4 ಮಿಲಿಮೀಟರ್ ದಪ್ಪದ ಹೋಳುಗಳಾಗಿ ಚಿತ್ರ ತೆಗೆದಿರುತ್ತಾರೆ. ಅದರಲ್ಲಿ ನೀರು ಬೆಳ್ಳಗೆ ಕಾಣುವ ಒಂದು ಸರಣಿ ಇರುತ್ತದೆ. ಮೂಳೆಗಳ ಸಾಲಿನ ಹಿಂದೆ ಮೇಲಿನಿಂದ ಕೆಳಕ್ಕೆ ಬಿಳಿ ತೋಡು ಹರಿದಂತೆ ಕಾಣುವುದೇ ನರಗಳನ್ನು ಸುತ್ತುವರಿದ ನೀರು. ಎರಡು ಮೂಳೆಗಳ ನಡುವಿನ ಡಿಸ್ಕ್ ಒಳಗೆ ನೀರಿನಂಶ ಇದ್ದರೆ ಅದರ ನಡುಭಾಗ ತಿಳಿಯಾಗಿ ಕಾಣುತ್ತದೆ, ಒಣಗಿದ್ದರೆ ಕಪ್ಪಗೆ. ಉಬ್ಬಿದ ಕಡೆ ಆ ಬಿಳಿ ತೋಡಿನ ದಡ ಒಳಕ್ಕೆ ಒತ್ತಿ ಕಿರಿದಾಗಿರುತ್ತದೆ. ಆದರೆ ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಪರಿಶೀಲನೆಯಲ್ಲಿ, ಅರವತ್ತರ ವಯಸ್ಸಿನವರಲ್ಲಿ ಮೂವರಿಗೆ ಇಬ್ಬರಂತೆ ಡಿಸ್ಕ್ ಉಬ್ಬಿತ್ತು. ಅಂದರೆ ‘ಡಿಸ್ಕ್ ಬಲ್ಜ್’ ಎಂಬ ಪದ ವರದಿಯಲ್ಲಿ ನಾಲ್ಕು ಕಡೆ ಇದ್ದ ಮಾತ್ರಕ್ಕೆ ಆಪರೇಷನ್ ಎಂದಲ್ಲ. ಎಡಗಾಲಿನ ಸೆಳೆತಕ್ಕೆ ಎಡಬದಿಯ, ಅದೇ ನರದ ಒತ್ತಡ ಹೊಂದಬೇಕು. ಎಲ್‌4-ಎಲ್‌5, ಎಲ್‌5-ಎಸ್‌1 ಎಂದು ಬರೆದಿರುವುದು ಯಾವ ಎರಡು ಮೂಳೆಗಳ ನಡುವೆ ಎಂಬ ವಿಳಾಸ. ಅದನ್ನು ಕಾಲಿನ ನೋವು, ಬಲ, ಸ್ಪರ್ಶದ ಜೊತೆ ತಾಳೆ ನೋಡುವುದು ಡಾಕ್ಟರ ಕೆಲಸ. ವರದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಸಲಹೆ ಕೇಳುವ ಬದಲು, ಅಮ್ಮನನ್ನು ಕರೆದುಕೊಂಡು ಬರೆದ ಡಾಕ್ಟರ ಹತ್ತಿರವೇ ಹೋಗಿ.

ಫಿಲ್ಮಿನ ಜೊತೆಗೆ ಸಿ.ಡಿ. ಅಥವಾ ಡೌನ್‌ಲೋಡ್ ಲಿಂಕನ್ನೂ ಕೇಳಿ ಪಡೆಯಿರಿ, ಸಂಖ್ಯೆಗಳಾಗಿ ಉಳಿದ ಮೂಲ ಚಿತ್ರ ಅದರಲ್ಲಿರುತ್ತದೆ. ಮನೆಗೆ ಬಂದ ವಾರದೊಳಗೆ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲು ಮಾಡಿಟ್ಟುಕೊಳ್ಳಿ. ನಮ್ಮ ಕಡೆಯ ಜೂನ್-ಜುಲೈ ತೇವಕ್ಕೆ ಪ್ಲಾಸ್ಟಿಕ್ ಕವರಿನೊಳಗೆ ಒತ್ತಿಟ್ಟ ಫಿಲ್ಮುಗಳು ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ಬಿಡಿಸುವಾಗ ಪದರವೇ ಕಿತ್ತು ಬರುತ್ತದೆ. ನಡುನಡುವೆ ಬಿಳಿ ಕಾಗದ ಇಟ್ಟು, ಒಲೆಯ ಬಿಸಿ ನೇರವಾಗಿ ತಾಗದ ಒಣ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಎರಡು ವರ್ಷದ ಮೇಲೆ ಮತ್ತೊಮ್ಮೆ ಸ್ಕ್ಯಾನ್ ಬೇಕಾದರೆ ರೇಡಿಯಾಲಜಿಸ್ಟ್ ಮೊದಲು ಕೇಳುವುದು ಇದನ್ನೇ.